ಕಕ್ಷೆಯ ಲೆಕ್ಕಕ್ಕೆ ಭೂಮಿಯ ಉಬ್ಬನ್ನು ಸೇರಿಸುವುದು: ನನ್ನ ಅನುಭವ

ಸಮಭಾಜಕದಲ್ಲಿ ಭೂಮಿಯ ತ್ರಿಜ್ಯ 6378.137 ಕಿ.ಮೀ. ಧ್ರುವದಲ್ಲಿ ಅದಕ್ಕಿಂತ 21.4 ಕಿ.ಮೀ. ಕಡಿಮೆ. ಗುರುತ್ವದ ಮೇಲೆ ಈ ಉಬ್ಬಿನ ಪರಿಣಾಮವನ್ನು ಹೇಳುವ ಗುಣಾಂಕ ಜೆ2, ಬೆಲೆ 0.00108263. ಉಳಿದ ಗುಣಾಂಕಗಳು ಇದಕ್ಕಿಂತ ನೂರಾರು ಪಟ್ಟು ಚಿಕ್ಕವು. ಹಾಗಾಗಿ ಕೆಳಕಕ್ಷೆಯ ಲೆಕ್ಕದಲ್ಲಿ ನಾನು ಮೊದಲು ಸೇರಿಸುವುದು ಇದನ್ನೇ.

ಕೋಡ್‌ನಲ್ಲಿ ಎರಡು ಸಂಖ್ಯೆ ಸಾಕು. ದೂರ ಎಂದರೆ ಭೂಕೇಂದ್ರದಿಂದ ಉಪಗ್ರಹಕ್ಕಿರುವ ದೂರ, ಜೆಡ್ ಎಂದರೆ ಸಮಭಾಜಕ ತಲದಿಂದ ಉಪಗ್ರಹದ ಎತ್ತರ. ಕ = 1.5 × ಜೆ2 × (ಭೂತ್ರಿಜ್ಯ ÷ ದೂರ)². ಸ = (ಜೆಡ್ ÷ ದೂರ)². ಗೋಳದ ಗುರುತ್ವ ಕೊಡುವ ವೇಗೋತ್ಕರ್ಷದ ಎಕ್ಸ್, ವೈ ಘಟಕಗಳನ್ನು 1 + ಕ(1 − 5ಸ) ಇಂದ, ಜೆಡ್ ಘಟಕವನ್ನು 1 + ಕ(3 − 5ಸ) ಇಂದ ಗುಣಿಸುತ್ತೇನೆ. ಆ 3ರ ಜಾಗದಲ್ಲಿ 1 ಬಿದ್ದರೂ ಪ್ರೋಗ್ರಾಂ ತಕರಾರಿಲ್ಲದೆ ಓಡುತ್ತದೆ. ಆದರೆ ಬಲವೆಲ್ಲ ಕೇಂದ್ರದ ಕಡೆಗೇ ತಿರುಗಿ, ಕಕ್ಷಾತಲ ಇದ್ದಲ್ಲೇ ನಿಂತುಬಿಡುತ್ತದೆ. ಜೆಡ್ ದಿಕ್ಕು ಭೂಮಿ ತಿರುಗುವ ಅಕ್ಷದ್ದೇ ಆಗಿರಬೇಕು, ಬೇರೆ ಅಕ್ಷ ನಡೆಯದು. ಗುರುತ್ವ ಮಾದರಿಯ ಕಡತದಲ್ಲಿ ಇದೇ ಗುಣಾಂಕ ಬೇರೆ ಅಳತೆಯಲ್ಲಿ (ಸಾಮಾನ್ಯೀಕರಿಸಿದ ರೂಪದಲ್ಲಿ) ಸಿಗುತ್ತದೆ: −0.000484165. ಅದನ್ನು −√5ರಿಂದ ಗುಣಿಸಿದರೆ ಮಾತ್ರ ಜೆ2.

ಪರೀಕ್ಷೆಗೆ 800 ಕಿ.ಮೀ. ಎತ್ತರದ, 98.60° ವಾಲಿಕೆಯ (ಸಮಭಾಜಕಕ್ಕೆ ಕಕ್ಷಾತಲದ ಓರೆ) ವೃತ್ತಕಕ್ಷೆ ಒಳ್ಳೆಯದು. ಪಾತಬಿಂದು, ಅಂದರೆ ಕಕ್ಷೆ ಸಮಭಾಜಕ ತಲವನ್ನು ದಾಟುವ ಬಿಂದು, ದಿನಕ್ಕೆ 0.9856° ಪೂರ್ವಕ್ಕೆ ಸರಿಯಬೇಕು. ಸೂರ್ಯನ ಸರಾಸರಿ ಚಲನೆಯೂ ಅಷ್ಟೇ, ಅದಕ್ಕೇ ಇದು ಸೂರ್ಯಸಮಕಾಲಿಕ ಕಕ್ಷೆ.

ಹೆಚ್ಚಿನವರು ಎಡವುವುದು ಇಲ್ಲಿ. 7178 ಕಿ.ಮೀ. (6378 + 800) ಅರ್ಧದೀರ್ಘಾಕ್ಷವನ್ನು, ಅಂದರೆ ಕಕ್ಷೆಯ ಉದ್ದನೆಯ ವ್ಯಾಸದ ಅರ್ಧವನ್ನು, ಸಮಭಾಜಕದ ಮೇಲಿನ ಆರಂಭಸ್ಥಿತಿಗೆ ನೇರ ಕೊಟ್ಟರೆ ಪಾತಬಿಂದು ಸುಮಾರು ಅರ್ಧ ಶೇಕಡಾ ಬೇಗ ಓಡುತ್ತದೆ. ಜೆ2ನಿಂದಾಗಿ ತತ್ಕ್ಷಣದ ಅರ್ಧದೀರ್ಘಾಕ್ಷ ಪ್ರತಿ ಸುತ್ತಿನಲ್ಲೂ ಎರಡು ಸಲ ಏರಿಳಿಯುತ್ತದೆ, ಸರಾಸರಿಯಿಂದ ಆಚೀಚೆ ಸುಮಾರು 9 ಕಿ.ಮೀ. ಸಮಭಾಜಕದಲ್ಲಿ ಅದು ಗರಿಷ್ಠ. ಅಂದರೆ ನೀವು ಕೊಟ್ಟ ಕಕ್ಷೆಯ ನಿಜವಾದ ಸರಾಸರಿ 7169ರ ಹತ್ತಿರ! ಈ 9 ಕಿ.ಮೀ. ವ್ಯತ್ಯಾಸವೊಂದೇ ಉಪಗ್ರಹದ ಸ್ಥಾನವನ್ನು ಪ್ರತಿ ಸುತ್ತಿಗೂ ಸುಮಾರು 85 ಕಿ.ಮೀ. ತಪ್ಪಿಸುತ್ತದೆ. ಆದ್ದರಿಂದ ನಾನು ಆರಂಭದಲ್ಲೇ ಆ 9 ಕಿ.ಮೀ. ಕೂಡಿಸುತ್ತೇನೆ, ಆಮೇಲೆ ಪೂರ್ಣ ಸುತ್ತುಗಳ ಸರಾಸರಿ ಸರಿತವನ್ನಷ್ಟೇ ಆ 0.9856°ಯೊಂದಿಗೆ ಹೋಲಿಸುತ್ತೇನೆ. ಅರ್ಧ ಸುತ್ತಿನ ಅಂಕಿಗಳನ್ನು ನಂಬುವುದಿಲ್ಲ.

ಇನ್ನೆರಡು ತಾಳೆ ಬೇಕೇ ಬೇಕು. ಜೆ2 ಪದವನ್ನೂ ಸೇರಿಸಿದ ಒಟ್ಟು ಶಕ್ತಿ, ಕೋನೀಯ ಆವೇಗದ ಜೆಡ್ ಘಟಕ, ಇವೆರಡೂ ಬದಲಾಗಬಾರದು. ಬದಲಾದರೆ ಮೊದಲು ಲೆಕ್ಕದ ಸಮಯದ ಹೆಜ್ಜೆಯ ಗಾತ್ರ ನೋಡಿ, ಚಲನೆಯನ್ನು ಹೆಜ್ಜೆಹೆಜ್ಜೆಯಾಗಿ ಲೆಕ್ಕಿಸುವ ನಾಲ್ಕನೇ ದರ್ಜೆಯ ರುಂಗೆ-ಕುಟ್ಟಾ ವಿಧಾನಕ್ಕೆ ನಾನು 10 ಸೆಕೆಂಡ್ ಇಡುತ್ತೇನೆ. ಹೆಜ್ಜೆ ಚಿಕ್ಕದಾದ ಮೇಲೂ ಶಕ್ತಿ ಸುತ್ತಿಗೆರಡು ಸಲ ಏರಿಳಿದರೆ ತಪ್ಪು ಬಲದ ಅಥವಾ ಶಕ್ತಿಯ ಸೂತ್ರದಲ್ಲೇ ಇದೆ.

ಭೂಸ್ಥಿರ ಕಕ್ಷೆಗೆ ಇಷ್ಟು ಸಾಲದು. ಸಮಭಾಜಕವೂ ಪೂರ್ಣ ವೃತ್ತವಲ್ಲದ್ದರಿಂದ ಅಲ್ಲಿನ ಉಪಗ್ರಹಗಳು 75° ಪೂರ್ವ ಅಥವಾ 105° ಪಶ್ಚಿಮ ರೇಖಾಂಶದತ್ತ ಜಾರುತ್ತವೆ. ಅದನ್ನು ಹಿಡಿಯಲು ರೇಖಾಂಶವನ್ನು ಅವಲಂಬಿಸಿದ ಪದಗಳನ್ನೂ ಸೇರಿಸಬೇಕು.