ಸಕ್ಕರೆಯಿಲ್ಲದ ಹಾಟ್ ಚಾಕೊಲೇಟ್: ಗಂಟು ಕಟ್ಟದಂತೆ ಕಲಸುವ ಬಗೆ

ಸಕ್ಕರೆ ಬಿಟ್ಟವರು ಮನೆಯಲ್ಲಿ ಹಾಟ್ ಚಾಕೊಲೇಟ್ ಮಾಡಿಕೊಳ್ಳುವುದನ್ನು ನಾನು ಹಲವು ಸಲ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಬಹುತೇಕ ಎಲ್ಲರೂ ಎಡವುವ ಜಾಗ ಒಂದೇ. ಒಲೆಯ ಮೇಲೆ ಹಾಲು ಕುದಿಯುತ್ತಿರುತ್ತದೆ, ಅದಕ್ಕೆ ಎರಡು ಚಮಚ ಕೊಕೊ ಪುಡಿಯನ್ನು ಒಮ್ಮೆಗೇ ಸುರಿಯುತ್ತಾರೆ, ಪುಡಿ ಮುಳುಗದೆ ತೇಲುತ್ತದೆ, ತಿರುವಿದಷ್ಟೂ ಉಂಡೆಯುಂಡೆಯಾಗುತ್ತದೆ. ಅಂಥ ಒಂದು ಉಂಡೆಯನ್ನು ಲೋಟದ ಅಂಚಿಗೆ ಒತ್ತಿ ಒಡೆದರೆ ಒಳಗೆ ಪುಡಿ ಒಣಗಿದ್ದುದು ಒಣಗಿದಂತೆಯೇ ಇರುತ್ತದೆ. ‘ಸಕ್ಕರೆ ಹಾಕುತ್ತಿದ್ದಾಗ ಹೀಗೆ ಆಗುತ್ತಿರಲಿಲ್ಲ’ ಎಂದು ಅವರು ಹೇಳುವುದು ಸುಳ್ಳಲ್ಲ. ಸಕ್ಕರೆಯ ಹರಳುಗಳು ಕೊಕೊದ ಕಣಗಳ ನಡುವೆ ಸೇರಿ ಅವನ್ನು ಬಿಡಿಸಿಡುತ್ತಿದ್ದವು. ಸಿಹಿಗಾಗಿ ಸ್ಟೀವಿಯಾದ ನಾಲ್ಕು ಹನಿಯನ್ನಷ್ಟೇ ಹಾಕಿದಾಗ ಆ ಕೆಲಸ ಮಾಡುವವರು ಯಾರೂ ಇರುವುದಿಲ್ಲ. ಆದ್ದರಿಂದ ಸಕ್ಕರೆಯನ್ನು ತೆಗೆದ ಮೇಲೆ ಕಲಸುವ ಕ್ರಮವನ್ನೂ ಬದಲಿಸಬೇಕಾಗುತ್ತದೆ.

ಒಂದು ದೊಡ್ಡ ಲೋಟಕ್ಕೆ ಬೇಕಾಗುವುದು ಇಷ್ಟು: ಸಿಹಿಯಿಲ್ಲದ ಕೊಕೊ ಪುಡಿ 2 ಟೇಬಲ್ ಚಮಚ, ಅಂದರೆ ಸುಮಾರು 10 ಗ್ರಾಂ; ಸಕ್ಕರೆಯ ಬದಲಿಗೆ ಬಳಸುವ ಸಿಹಿಕಾರಕವಾದ ಎರಿಥ್ರಿಟಾಲ್, ಪುಡಿ ಮಾಡಿದ್ದು, 3 ಟೀ ಚಮಚ; ಸಕ್ಕರೆ ಬೆರೆಸದ ಬಾದಾಮಿ ಹಾಲು 160 ಮಿಲಿ; ಗಟ್ಟಿ ಕ್ರೀಮ್ 3 ಟೇಬಲ್ ಚಮಚ; ಬಿಸಿ ನೀರು 2 ಟೇಬಲ್ ಚಮಚ; ಒಂದು ಚಿಟಿಕೆ ಉಪ್ಪು; ಬೇಕಿದ್ದರೆ ವೆನಿಲ್ಲಾ ಎಸೆನ್ಸ್ ಎರಡು ಹನಿ.

ಹಸುವಿನ ಹಾಲನ್ನು ಏಕೆ ಬಿಟ್ಟಿದ್ದೇನೆಂದು ಕೇಳುವವರಿದ್ದಾರೆ. ಒಂದು ಲೋಟ, ಅಂದರೆ 240 ಮಿಲಿ ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರುತ್ತದೆ, ಅದೂ ಸಕ್ಕರೆಯೇ. ಮೇಲಿನಿಂದ ಸಕ್ಕರೆ ಹಾಕದೆ ‘ಶುಗರ್ ಫ್ರೀ’ ಎಂದು ಕುಡಿಯುವವರು ಈ ಲೆಕ್ಕವನ್ನು ಮರೆಯುತ್ತಾರೆ. ಕ್ರೀಮಿನಲ್ಲಿ ಹೆಚ್ಚಿನ ಪಾಲು ಕೊಬ್ಬು, ಒಂದು ಟೇಬಲ್ ಚಮಚಕ್ಕೆ ಕಾರ್ಬೋಹೈಡ್ರೇಟ್ ಅರ್ಧ ಗ್ರಾಂನಷ್ಟು ಮಾತ್ರ. ಹತ್ತು ಗ್ರಾಂ ಕೊಕೊದಲ್ಲಿರುವ ಕಾರ್ಬೋಹೈಡ್ರೇಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನಾರಿನಂಶವಾದ್ದರಿಂದ ಅದನ್ನು ಕಳೆದರೆ ಉಳಿಯುವುದು ಎರಡು ಗ್ರಾಂ ಆಸುಪಾಸು. ಎಲ್ಲ ಸೇರಿ ಒಂದು ಲೋಟಕ್ಕೆ ನಾಲ್ಕೈದು ಗ್ರಾಂ ದಾಟುವುದಿಲ್ಲ. ಕ್ರೀಮನ್ನು ಹಾಕುವುದಕ್ಕೆ ಇನ್ನೊಂದು ಕಾರಣವೂ ಇದೆ: ಸಕ್ಕರೆ ಸಿಹಿಯ ಜೊತೆಗೆ ಪಾನೀಯಕ್ಕೆ ಮಂದತನವನ್ನೂ ಕೊಡುತ್ತಿತ್ತು, ಅದಿಲ್ಲದ ಬಾದಾಮಿ ಹಾಲು ನೀರುನೀರಾಗಿಯೇ ಉಳಿಯುತ್ತದೆ.

ಕೊಕೊ ಕೊಳ್ಳುವಾಗ ಡಬ್ಬಿಯ ಮುಂಭಾಗವನ್ನು ನೋಡದೆ ಹಿಂಭಾಗವನ್ನು ಓದಬೇಕು. ‘ಡ್ರಿಂಕಿಂಗ್ ಚಾಕೊಲೇಟ್’ ಎಂಬ ಹೆಸರಿನ ಪುಡಿಗಳಲ್ಲಿ ಸಾಮಾನ್ಯವಾಗಿ ಮೊದಲು ಕಾಣುವ ಪದಾರ್ಥ ಸಕ್ಕರೆ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವುದರಿಂದ ಮೊದಲಿರುವುದೇ ಹೆಚ್ಚಿರುವುದು. ಕೊಕೊ ಪುಡಿ ಎಂಬುದು ಕೊಕೊ ಬೀಜದ ಕೊಬ್ಬನ್ನು ಒತ್ತಿ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಅರೆದದ್ದು. ಡಚ್ಚರ ವಾನ್ ಹೌಟನ್ ಕುಟುಂಬ 1828ರಲ್ಲಿ ಪೇಟೆಂಟ್ ಪಡೆದ ಒತ್ತುಯಂತ್ರದಿಂದಲೇ ಈ ಪುಡಿ ಬಳಕೆಗೆ ಬಂದಿತು. ಪುಡಿಯಲ್ಲಿ ಶೇ 10ರಿಂದ 12ರಷ್ಟು ಕೊಬ್ಬು ಉಳಿದಿರುವ ಬಗೆಯೂ ಇದೆ, ಶೇ 20ರಿಂದ 24ರಷ್ಟು ಉಳಿದಿರುವ ಬಗೆಯೂ ಇದೆ; ಸಿಕ್ಕರೆ ಎರಡನೆಯದನ್ನೇ ಕೊಳ್ಳಬೇಕು. ಕ್ಷಾರದಿಂದ ಸಂಸ್ಕರಿಸಿದ ಪುಡಿಯೇ ನನ್ನ ಆಯ್ಕೆ, ಏಕೆಂದರೆ ಸಂಸ್ಕರಿಸದ ಕೊಕೊದ ಹುಳಿಯನ್ನು ಸಕ್ಕರೆ ಮುಚ್ಚಿಡುತ್ತದೆ, ಸಕ್ಕರೆ ಇಲ್ಲದಾಗ ಅದು ನಾಲಿಗೆಗೆ ನೇರವಾಗಿ ತಾಗುತ್ತದೆ. ಸಾಲದ್ದಕ್ಕೆ ಅದೇ ಹುಳಿಗೆ ಬಾದಾಮಿ ಹಾಲು ಒಡೆಯುವ ಸಂಭವವೂ ಇದೆ. ಪದಾರ್ಥಗಳ ಪಟ್ಟಿಯಲ್ಲಿ 501 ಎಂಬ ಸಂಖ್ಯೆಯಿದ್ದರೆ ಅದು ಪೊಟ್ಯಾಸಿಯಂ ಕಾರ್ಬೊನೇಟ್, ಅಂದರೆ ಪುಡಿಯನ್ನು ಕ್ಷಾರದಿಂದ ಸಂಸ್ಕರಿಸಲಾಗಿದೆ ಎಂದು ತಿಳಿಯಬಹುದು.

ಸಿಹಿಕಾರಕದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಎರಿಥ್ರಿಟಾಲ್ ಸಕ್ಕರೆಯ ಸುಮಾರು ಶೇ 70ರಷ್ಟು ಸಿಹಿ, ರಕ್ತದ ಗ್ಲೂಕೋಸನ್ನು ಏರಿಸುವುದಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಕೊಕೊವನ್ನು ಬಿಡಿಸಿಡುವಷ್ಟು ಮೈ ಅದಕ್ಕಿದೆ. ಬರಿಯ ಸ್ಟೀವಿಯಾ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿಯಾದ್ದರಿಂದ ಒಂದು ಹನಿ ಹೆಚ್ಚಾದರೂ ಬಾಯಲ್ಲಿ ಅತಿಮಧುರದಂಥ ಕಹಿ ಉಳಿಯುತ್ತದೆ. ಸುಕ್ರಲೋಸ್ ಪುಡಿಗಳಲ್ಲಿ ಗಾತ್ರ ತುಂಬಿಸಲು ಮಾಲ್ಟೋಡೆಕ್ಸ್ಟ್ರಿನ್ ಬೆರೆಸಿರುವುದುಂಟು. ಅದು ಪಿಷ್ಟದಿಂದ ತಯಾರಾದ, ಗ್ಲೂಕೋಸಿನಷ್ಟೇ ಬೇಗ ರಕ್ತಕ್ಕೆ ಸೇರುವ ಪುಡಿ, ಹೀಗಾಗಿ ಮುಂಬಾಗಿಲಲ್ಲಿ ಕಳಿಸಿದ ಸಕ್ಕರೆಯನ್ನು ಹಿಂಬಾಗಿಲಲ್ಲಿ ಕರೆದಂತೆ. ಮಾಲ್ಟಿಟಾಲ್ ಎಂಬ ಸಿಹಿಕಾರಕ ಇರುವ ‘ಸಕ್ಕರೆರಹಿತ’ ಚಾಕೊಲೇಟ್ ಬಾರನ್ನು ಕರಗಿಸಿ ಹಾಕುವ ಅಡ್ಡದಾರಿಯೂ ಬೇಡ. ಅದು ಗ್ಲೂಕೋಸನ್ನೂ ಏರಿಸುತ್ತದೆ, ಹೊಟ್ಟೆಯನ್ನೂ ಉಬ್ಬರಿಸುತ್ತದೆ. ನಾಯಿ ಸಾಕಿದವರು ಝೈಲಿಟಾಲ್ ಎಂಬ ಸಿಹಿಕಾರಕವನ್ನು ಅಡುಗೆಮನೆಗೆ ತರದಿರುವುದೇ ಕ್ಷೇಮ, ಅದು ನಾಯಿಗಳಿಗೆ ವಿಷ.

ಹಂತ 1: ಕೊಕೊ, ಎರಿಥ್ರಿಟಾಲ್, ಉಪ್ಪು ಮೂರನ್ನೂ ಒಣಗಿದ ಪಾತ್ರೆಯಲ್ಲಿ ಜರಡಿ ಹಿಡಿದು ಬೆರೆಸಿ. ಉಪ್ಪನ್ನು ಬಿಡಬೇಡಿ, ಕಹಿಯನ್ನು ತಗ್ಗಿಸುವುದು ಅದೇ.

ಹಂತ 2: ಇದು ಇಡೀ ಕೆಲಸದ ಜೀವಾಳ, ಇಲ್ಲಿ ಅವಸರ ಮಾಡಬಾರದು. ಕೊಕೊದ ಕಣಗಳಿಗೆ ಕೊಬ್ಬಿನ ಪದರವಿರುವುದರಿಂದ ಅವು ನೀರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಜೊತೆಗೆ ಕೊಕೊದಲ್ಲಿ ಸ್ವಲ್ಪ ಪಿಷ್ಟವೂ ಇರುವುದರಿಂದ ಕುದಿಯುವ ದ್ರವಕ್ಕೆ ಬಿದ್ದ ಪುಡಿಯ ಹೊರಮೈ ಥಟ್ಟನೆ ಅಂಟಾಗಿ, ಒಳಗಿನ ಒಣಪುಡಿಗೆ ನೀರು ಹೋಗುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಹಾಗಾಗಿ ದ್ರವಕ್ಕೆ ಪುಡಿಯನ್ನು ಹಾಕದೆ ಪುಡಿಗೆ ದ್ರವವನ್ನು ಹಾಕಬೇಕು, ಅದೂ ಒಂದೊಂದೇ ಚಮಚ. ಕುದಿ ಇಳಿದ ಬಿಸಿ ನೀರನ್ನು ಒಂದು ಟೇಬಲ್ ಚಮಚ ಹಾಕಿ, ಚಮಚದ ಬೆನ್ನಿನಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ಉಜ್ಜಿ. ಮೊದಲ ಅರ್ಧ ನಿಮಿಷ ಅದು ಕೂಡಿಕೊಳ್ಳುವ ಲಕ್ಷಣವನ್ನೇ ತೋರುವುದಿಲ್ಲ, ಒದ್ದೆ ಮಣ್ಣಿನಂತೆ ಹರಳುಹರಳಾಗಿರುತ್ತದೆ. ಗಾಬರಿಯಾಗಿ ಹಾಲನ್ನೆಲ್ಲ ಸುರಿದುಬಿಡುವುದು ಈ ಹೊತ್ತಿನಲ್ಲಿಯೇ. ನೀರು ಹೆಚ್ಚಾದೊಡನೆ ಗಂಟುಗಳು ಜಾರಿಕೊಂಡು ತೇಲುತ್ತವೆ, ಆಮೇಲೆ ಅವು ಚಮಚಕ್ಕೆ ಸಿಗುವುದಿಲ್ಲ. ಗಟ್ಟಿಯಾಗಿದ್ದಾಗ ಮಾತ್ರ ಒತ್ತಡ ಕೆಲಸ ಮಾಡುತ್ತದೆ. ಉಜ್ಜುತ್ತಲೇ ಇದ್ದರೆ ಮಂಕಾಗಿದ್ದ ಮುದ್ದೆಯ ಬಣ್ಣ ಇದ್ದಕ್ಕಿದ್ದಂತೆ ಗಾಢವಾಗಿ, ಮೇಲೆ ಹೊಳಪು ಬರುತ್ತದೆ. ಆಗ ಎರಡನೆಯ ಚಮಚ ನೀರನ್ನು ಹಾಕಿ ಇನ್ನೊಮ್ಮೆ ಉಜ್ಜಿ. ಚಮಚವನ್ನೆತ್ತಿದರೆ ಲೇಪ ತುಂಡಾಗದೆ ಪಟ್ಟಿಯಂತೆ ಇಳಿದು, ಕೆಳಗಿನ ಲೇಪದ ಮೇಲೆ ಒಂದು ಕ್ಷಣ ಗೆರೆಯಾಗಿ ನಿಂತು ಮಾಯವಾಗಬೇಕು. ಒಂದಿಷ್ಟನ್ನು ಬೆರಳುಗಳ ನಡುವೆ ತಿಕ್ಕಿ ನೋಡಿ. ಕೊಕೊ ನೀರಿನಲ್ಲಿ ಕರಗುವ ವಸ್ತುವಲ್ಲವಾದ್ದರಿಂದ ಅತಿ ನವುರಾದ ಹುಡಿತನ ಇದ್ದೇ ಇರುತ್ತದೆ, ಆದರೆ ಕಾಳು ತಾಗಬಾರದು.

ಇಲ್ಲಿ ಒಂದು ನಿಮಿಷ ಸುಮ್ಮನೆ ಬಿಟ್ಟರೆ ಪರಿಮಳವೂ ಏಳುತ್ತದೆ. ಈ ಹೊತ್ತಿನಲ್ಲಿ ಕೆಲವರು ದ್ರವವನ್ನು ಮಂದವಾಗಿಸುವ ಕ್ಸಾಂತನ್ ಗಮ್ ಎಂಬ ಪುಡಿಯನ್ನು ಉದುರಿಸುತ್ತಾರೆ. ಗಟ್ಟಿಯಾಗುವುದೇನೋ ನಿಜ, ಆದರೆ ಚಿಟಿಕೆ ಮೀರಿದರೆ ಲೋಳೆಯಾಗುತ್ತದೆ, ಒದ್ದೆಯ ಮೇಲೆ ಉದುರಿಸಿದರೆ ಅದೇ ಒಂದು ಹೊಸ ಗಂಟಾಗುತ್ತದೆ. ಹಾಕಲೇಬೇಕೆಂದಿದ್ದರೆ ಮೊದಲ ಹಂತದ ಒಣಪುಡಿಯ ಜೊತೆಗೇ ಬೆರೆಸಿ.

ಹಂತ 3: ಲೇಪಕ್ಕೆ ಕ್ರೀಮನ್ನು ಎರಡು ಸಲ ಮಾಡಿ ಸೇರಿಸಿ, ಪಾತ್ರೆಯನ್ನು ಸಣ್ಣ ಉರಿಯ ಮೇಲಿಟ್ಟು ಒಂದು ನಿಮಿಷ ತಿರುವಿ, ಹಸಿ ಕೊಕೊದ ವಾಸನೆ ಹೋಗುವುದು ಇಲ್ಲಿಯೇ.

ಹಂತ 4: ಬಾದಾಮಿ ಹಾಲನ್ನು ಸಣ್ಣ ಧಾರೆಯಾಗಿ ಸುರಿಯುತ್ತಾ ತಂತಿಯ ಕಡೆಗೋಲಿನಿಂದ (ವಿಸ್ಕ್) ಕಡೆಯಿರಿ, ಅಂಚಿನಲ್ಲಿ ಪುಟ್ಟ ಗುಳ್ಳೆಗಳು ಕಂಡೊಡನೆ ಇಳಿಸಿ. ಕುದಿಯಲು ಬಿಟ್ಟರೆ ಬಾದಾಮಿ ಹಾಲು ಒಡೆದು ಚೂರುಚೂರಾಗಿ ಕಾಣಬಹುದು. ವೆನಿಲ್ಲಾ ಇಳಿಸಿದ ಮೇಲೆ.

ನೊರೆ ಬೇಕಾದವರು ಎರಡು ಪಾತ್ರೆಗಳ ನಡುವೆ ನಾಲ್ಕೈದು ಸಲ ಎತ್ತಿ ಹೊಯ್ದರೆ ಸಾಕು, ಅದಕ್ಕೊಂದು ಯಂತ್ರ ಕೊಳ್ಳುವುದು ದಂಡ. ಮೈಕ್ರೋವೇವ್ ಬಳಸುವವರೂ ಲೇಪವನ್ನು ಕೈಯಿಂದಲೇ ಮಾಡಿಕೊಂಡು, ಹಾಲು ಬೆರೆಸಿದ ಮೇಲೆ ಮಾತ್ರ ಬಿಸಿಗಿಡಬೇಕು. ಎಲ್ಲ ಎಚ್ಚರದ ನಡುವೆಯೂ ಗಂಟು ಉಳಿದರೆ ಜಾಲರಿಯಲ್ಲಿ ಸೋಸಿ, ಸಿಕ್ಕ ಗಂಟನ್ನು ಎಸೆಯದೆ ಅರ್ಧ ಚಮಚ ಕ್ರೀಮಿನೊಂದಿಗೆ ಉಜ್ಜಿ ಮತ್ತೆ ಸೇರಿಸಿ. ಎಸೆದರೆ ಹೋಗುವುದು ಕೊಕೊವೇ, ಉಳಿಯುವುದು ಕಂದು ಬಣ್ಣದ ಹಾಲು.

ಎರಿಥ್ರಿಟಾಲ್ ತಣ್ಣಗಾದ ದ್ರವದಲ್ಲಿ ಮತ್ತೆ ಹರಳುಗಟ್ಟುವ ಗುಣದ್ದು. ಮೊದಲೇ ಗಟ್ಟಿ ಸಿರಪ್ ಮಾಡಿ ಫ್ರಿಜ್ಜಿನಲ್ಲಿಡುವ ಉಪಾಯ ಕೈಕೊಡುವುದು ಈ ಕಾರಣಕ್ಕೆ. ಆ ಹರಳು ನಾಲಿಗೆಯ ಮೇಲೆ ಕರಗುವಾಗ ಪುದೀನದಂಥ ತಂಪು ಹತ್ತುತ್ತದೆ, ಬಿಸಿ ಚಾಕೊಲೇಟಿಗೆ ಅದು ಒಗ್ಗುವುದಿಲ್ಲ. ಬೇಕಿದ್ದರೆ ಮೊದಲ ಹಂತದ ಒಣಮಿಶ್ರಣವನ್ನು ಹತ್ತು ಲೋಟಕ್ಕಾಗುವಷ್ಟು ಒಟ್ಟಿಗೆ ಮಾಡಿ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಬಹುದು, ಒಂದು ಲೋಟಕ್ಕೆ ಸುಮಾರು 20 ಗ್ರಾಂ ತೂಗಿಕೊಂಡರಾಯಿತು. ಕುಡಿಯುವಾಗ ಲೋಟದಲ್ಲಿ ಚಮಚವನ್ನು ಬಿಟ್ಟಿರಿ, ಐದು ನಿಮಿಷ ಕಳೆಯುವಷ್ಟರಲ್ಲಿ ಕೊಕೊ ತಳಕ್ಕೆ ಇಳಿಯತೊಡಗಿರುತ್ತದೆ.