ಪೋಲಿಷಿನ ‘ಹಿಬಾ’, ಇಂಗ್ಲಿಷಿನ ‘ಐ ಥಿಂಕ್’, ನಡುವೆ ನಮ್ಮ ‘ಅನ್ಸುತ್ತೆ’

‘ಐ ಥಿಂಕ್ ಹೀ ಈಸ್ ಅಟ್ ಹೋಮ್’ ಅನ್ನುವ ಸಾಲನ್ನು ಪೋಲಿಷಿಗೆ ತರಬೇಕು ಅಂದಾಗ ನಿಘಂಟು ಮೊದಲು ತೋರಿಸುವ ಪದ ‘ಮಿಶ್ಲೆಚ್’. ಅದನ್ನೇ ಹಿಡಿದು ‘ಮಿಶ್ಲೆ, ಝೆ ಯೆಸ್ತ್ ವ್ ದೊಮು’ ಅಂತ ಬರೆದರೆ ವ್ಯಾಕರಣ ತಪ್ಪುವುದಿಲ್ಲ. ಆದರೆ ಮಾತಿನಲ್ಲಿ ಇನ್ನೂ ಸಲೀಸಾಗಿ ಬರುವುದು ‘ಹಿಬಾ ಯೆಸ್ತ್ ವ್ ದೊಮು’. ಈ ‘ಹಿಬಾ’ ಕ್ರಿಯಾಪದವೇ ಅಲ್ಲ. ಲಿಂಗ, ವಚನ, ಕಾಲ ಯಾವುದಕ್ಕೂ ರೂಪ ಬದಲಿಸದ ಪುಟ್ಟ ಅವ್ಯಯ. ಕನ್ನಡದಲ್ಲಿ ನಾವು ‘ಮನೇಲಿದ್ದಾನೆ ಅನ್ಸುತ್ತೆ’ ಅನ್ನುವಾಗ ಕೊನೆಯಲ್ಲಿ ಬರುವ ‘ಅನ್ಸುತ್ತೆ’ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಹೇಳುವವನಿಗೆ ಪೂರ್ತಿ ಖಾತ್ರಿಯಿಲ್ಲ ಅಂತ ತಿಳಿಸುತ್ತದೆ, ಅಷ್ಟೇ.

ಹಾಗಾಗಿ ಪೋಲಿಷ್ ಮತ್ತು ಇಂಗ್ಲಿಷ್ ನಡುವೆ ಅನುವಾದಿಸುವಾಗ ಈ ಗುಂಪಿನ ಕ್ರಿಯಾಪದಗಳನ್ನು ನಾನು ಒಂದಕ್ಕೊಂದು ನೇರವಾಗಿ ಜೋಡಿಸುವುದಿಲ್ಲ. ಮೊದಲು ಸಾಲನ್ನು ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ಇಂಗ್ಲಿಷ್ ‘ಥಿಂಕ್’ ಒಂದರಲ್ಲೇ ತುಂಬಿಡುವುದನ್ನು ಕನ್ನಡ ಬೇರೆಬೇರೆ ಇಟ್ಟಿದೆ: ಯೋಚಿಸುವುದು ಬೇರೆ, ಅನಿಸುವುದು ಬೇರೆ, ಅಂದುಕೊಳ್ಳುವುದು ಬೇರೆ, ಅಭಿಪ್ರಾಯ ಇರುವುದು ಬೇರೆ. ಪೋಲಿಷ್ ಕೂಡ ಹೆಚ್ಚುಕಡಿಮೆ ಇದೇ ಗೆರೆಗಳಲ್ಲಿ ಸೀಳುತ್ತದೆ. ಕನ್ನಡದ ಜರಡಿಯಲ್ಲಿ ಒಮ್ಮೆ ಸೋಸಿದರೆ ಯಾವ ಪೋಲಿಷ್ ಪದ ಬೇಕು ಅನ್ನುವುದು ಬಹುಮಟ್ಟಿಗೆ ಗೊತ್ತಾಗಿಬಿಡುತ್ತದೆ. ಜರಡಿ ಹರಿಯುವ ಜಾಗಗಳೂ ಇವೆ, ಅವನ್ನು ಮುಂದೆ ಹೇಳುತ್ತೇನೆ. ಉಚ್ಚಾರಣೆಯ ಬಗ್ಗೆ ಒಂದು ಮಾತು: ಇಲ್ಲಿ ‘ಝ’ ಅಂತ ಬರೆದಿರುವ ಕಡೆಯೆಲ್ಲ ಇಂಗ್ಲಿಷಿನ ‘ಪ್ಲೆಷರ್’ ಪದದ ನಡುವಿನ ಸದ್ದನ್ನು ಹಾಕಿಕೊಂಡು ಓದಿ.

ಸಾಲು ‘ಯೋಚನೆ ಮಾಡ್ತಿದ್ದೀನಿ’ ಅಂತ ಆದರೆ ಅಲ್ಲಿ ನಿಜವಾಗಿಯೂ ಮನಸ್ಸು ಕೆಲಸ ಮಾಡುತ್ತಿದೆ. ಪೋಲಿಷಿನಲ್ಲಿ ‘ಮಿಶ್ಲೆಚ್’ ಹೊಂದುತ್ತದೆ. ಇನ್ನೂ ತೀರ್ಮಾನಕ್ಕೆ ಬಂದಿಲ್ಲ, ತೂಗಿ ನೋಡುತ್ತಿದ್ದೇನೆ ಅನ್ನುವ ಭಾವವಿದ್ದರೆ ‘ಜಾಸ್ತಾನಾವ್ಯಾಚ್ ಶೆ’. ಇಂಗ್ಲಿಷ್ ಈ ವ್ಯತ್ಯಾಸವನ್ನು ಪದದಲ್ಲಿ ಅಲ್ಲ, ರೂಪದಲ್ಲಿ ತೋರಿಸುತ್ತದೆ. ‘ಐ ಆ್ಯಮ್ ಥಿಂಕಿಂಗ್’ ಅಂದರೆ ಯೋಚನೆ, ‘ಐ ಥಿಂಕ್’ ಅಂದರೆ ಅನಿಸಿಕೆ. ಪೋಲಿಷ್ ವರ್ತಮಾನದಲ್ಲಿ ಆ ಎರಡು ರೂಪಗಳಿಲ್ಲ, ‘ಮಿಶ್ಲೆ’ ಒಂದೇ. ಆದ್ದರಿಂದ ಪೋಲಿಷಿನಿಂದ ಇಂಗ್ಲಿಷಿಗೆ ಬರುವಾಗ ‘ಮಿಶ್ಲೆ’ಯ ನಂತರ ಏನು ಬಂದಿದೆ ಅಂತ ನೋಡಬೇಕು. ಅಲ್ಪವಿರಾಮ ಹಾಕಿ ‘ಝೆ’ ಬಂದಿದ್ದರೆ ಅನಿಸಿಕೆ. ‘ಬಗ್ಗೆ’ ಅನ್ನುವ ಅರ್ಥ ಕೊಡುವ ‘ಒ’ ಅಥವಾ ‘ನಾದ್’ ಬಂದಿದ್ದರೆ ಯೋಚನೆ. ಈ ‘ಝೆ’ಯನ್ನು ಇಂಗ್ಲಿಷಿನ ‘ದ್ಯಾಟ್’ ಹಾಗೆ ಬಿಟ್ಟುಬಿಡಲು ಆಗುವುದಿಲ್ಲ, ಅದರ ಹಿಂದಿನ ಅಲ್ಪವಿರಾಮವನ್ನೂ ಬಿಡುವ ಹಾಗಿಲ್ಲ.

ಸಾಲು ‘ನನಗೆ ಹೀಗೆ ತೋರುತ್ತೆ’ ಅಂತ ಬಂದರೆ ಪೋಲಿಷಿನಲ್ಲಿ ‘ವಿದಾಯೆ ಮಿ ಶೆ’. ಇಲ್ಲಿನ ‘ಮಿ’ ಅಂದರೆ ‘ನನಗೆ’, ಚತುರ್ಥಿ ವಿಭಕ್ತಿಯೇ. ಕನ್ನಡಿಗರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ, ಅನಿಸಿಕೆ ನಮ್ಮಲ್ಲೂ ‘ನನಗೆ’ ಆಗುತ್ತದೆಯೇ ಹೊರತು ‘ನಾನು’ ಮಾಡುವ ಕೆಲಸವಲ್ಲ. ಇಂಗ್ಲಿಷಿನಲ್ಲೂ ಹಿಂದೆ ಹೀಗಿತ್ತು. ಹಳೆಯ ‘ಮಿಥಿಂಕ್ಸ್’ ಅನ್ನುವ ಪದದಲ್ಲಿರುವುದು ‘ನನಗೆ ತೋರುತ್ತದೆ’ ಅನ್ನುವ ಅರ್ಥದ ಬೇರೊಂದು ಪ್ರಾಚೀನ ಕ್ರಿಯಾಪದ, ಇಂದಿನ ‘ಥಿಂಕ್’ ಅಲ್ಲ. ಎರಡೂ ಕಾಲಕ್ರಮೇಣ ಒಂದೇ ಸದ್ದಿಗೆ ಬಂದು ಬೆರೆತುಹೋದವು. 1938ರಲ್ಲಿ ವಾರ್ಸಾದಲ್ಲಿ ಹುಟ್ಟಿ ಮುಂದೆ ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ಭಾಷಾವಿಜ್ಞಾನಿ ಆನಾ ವ್ಯೆಝ್ಬಿತ್ಸ್ಕಾ ‘ಯೋಚಿಸು’ ಎಂಬುದನ್ನು ಎಲ್ಲ ಭಾಷೆಗಳಲ್ಲೂ ಸಿಗುವ ಮೂಲ ಅರ್ಥಗಳ ಪಟ್ಟಿಗೆ ಸೇರಿಸಿದ್ದಾರೆ, ‘ನಂಬು’ ಆ ಪಟ್ಟಿಯಲ್ಲಿಲ್ಲ. ‘ಐ ಥಿಂಕ್’, ‘ಐ ಸಪೋಸ್’, ‘ಐ ಗೆಸ್’ ಹೀಗೆ ‘ನಾನು’ ಎಂದು ಶುರುವಾಗುವ ಅನಿಸಿಕೆಯ ತುಣುಕುಗಳು ಇಂಗ್ಲಿಷಿನಲ್ಲಿ ವಿಶೇಷವಾಗಿ ಬೆಳೆದಿವೆ ಅನ್ನುವುದನ್ನೂ ಅವರೇ ವಿವರವಾಗಿ ತೋರಿಸಿದ್ದಾರೆ. ಪೋಲಿಷಿಗೆ ಬರುವಾಗ ಅವುಗಳಲ್ಲಿ ಹಲವು ‘ಹಿಬಾ’ ಆಗಿ ಕುಗ್ಗುತ್ತವೆ. ಕುಗ್ಗಲು ಬಿಡಬೇಕು.

ಆದರೆ ‘ಹಿಬಾ’ ಹೇಳುವವನಿಗೆ ಅಂಟಿಕೊಂಡ ಪದ. ‘ಹೀ ಥಿಂಕ್ಸ್ ಶೀ ಈಸ್ ಅಟ್ ಹೋಮ್’ ಅನ್ನುವಲ್ಲಿ ಅದನ್ನು ಹಾಕಿದರೆ ಅನುಮಾನ ಅವನದಾಗದೆ ನಮ್ಮದಾಗಿಬಿಡುತ್ತದೆ. ಕರ್ತೃ ‘ನಾನು’ ಅಲ್ಲದಿದ್ದರೆ ಕ್ರಿಯಾಪದವೇ ಬೇಕು.

ಇನ್ನು ಅಭಿಪ್ರಾಯ. ‘ಈ ಕಾನೂನು ಸರಿಯಿಲ್ಲ ಅನ್ನೋದು ನನ್ನ ಅಭಿಪ್ರಾಯ’ ಅಂತ ಕನ್ನಡದಲ್ಲಿ ಗಟ್ಟಿಯಾಗಿ ಹೇಳಬಹುದಾದ ಸಾಲಿಗೆ ‘ಉವಾಝಾಮ್, ಝೆ’. ಈ ಕ್ರಿಯಾಪದದ ಬೇರು ‘ವಾಗಾ’, ಅಂದರೆ ತೂಕ. ತೂಗಿ ನೋಡಿ ಹೇಳಿದ ಮಾತು. ಎಡವುವ ಜಾಗವೂ ಇದೇ, ಏಕೆಂದರೆ ಇದೇ ‘ಉವಾಝಾಚ್’ಗೆ ‘ಗಮನ ಇಡು, ಹುಷಾರಾಗಿರು’ ಅನ್ನುವ ಅರ್ಥವೂ ಇದೆ. ‘ಉವಾಝಾಯ್!’ ಅಂದರೆ ‘ಹುಷಾರು!’. ಅರ್ಥ ಬೇರ್ಪಡಿಸಲು ಮುಂದಿನ ಪದ ನೋಡಿದರೆ ಸಾಕು. ‘ಝೆ’ ಇದ್ದರೆ ಅಭಿಪ್ರಾಯ, ‘ನಾ’ ಇದ್ದರೆ ಎಚ್ಚರಿಕೆ. ಕರ್ಮಪದ ಬಂದು ಆಮೇಲೆ ‘ಜಾ’ ಬಂದರೆ ಒಂದನ್ನು ಇನ್ನೊಂದಾಗಿ ಎಣಿಸುವುದು: ‘ಉವಾಝಾಮ್ ಗೊ ಜಾ ಪ್ಶಿಯಾಚೆಲಾ’, ಅವನನ್ನು ಗೆಳೆಯ ಅಂತಲೇ ಎಣಿಸುತ್ತೇನೆ. ಇಂಗ್ಲಿಷಿಗೆ ಹೋದಾಗ ಇಲ್ಲಿ ‘ಕನ್ಸಿಡರ್’ ಬರಬೇಕು, ‘ಥಿಂಕ್’ ಅಲ್ಲ.

ಅಭಿಪ್ರಾಯದ ಅರ್ಥದ ‘ಉವಾಝಾಚ್’ಗೆ ತನ್ನದೇ ಪೂರ್ಣರೂಪವಿಲ್ಲ, ಅಂದರೆ ಕೆಲಸ ಒಮ್ಮೆಗೆ ಆಗಿ ಮುಗಿದದ್ದನ್ನು ಹೇಳುವ ರೂಪವಿಲ್ಲ. ಒಂದು ಗಳಿಗೆಯಲ್ಲಿ ಅಭಿಪ್ರಾಯಕ್ಕೆ ಬಂದದ್ದನ್ನು ಹೇಳಬೇಕಾದರೆ ಪೋಲಿಷ್ ‘ಉಜ್ನಾಚ್’ ಅನ್ನು ತರುತ್ತದೆ. ನ್ಯಾಯಾಲಯ ಒಬ್ಬನನ್ನು ತಪ್ಪಿತಸ್ಥ ಅಂತ ತೀರ್ಮಾನಿಸುವುದಕ್ಕೂ ಇದೇ ಪದ. ನಿಘಂಟಿನಲ್ಲಿ ‘ಮಾನ್ಯ ಮಾಡು, ಗುರುತಿಸು’ ಅಂತ ಕಂಡು ‘ಉಜ್ನಾವೆಮ್, ಝೆ’ಯನ್ನು ‘ಐ ರೆಕಗ್ನೈಸ್ಡ್ ದ್ಯಾಟ್’ ಅಂತ ಮಾಡುವವರಿದ್ದಾರೆ. ಬಹಳಷ್ಟು ಕಡೆ ಅದರ ಅರ್ಥ ‘ಐ ಡಿಸೈಡೆಡ್’, ಹೀಗೇ ಸರಿ ಅನ್ನುವ ನಿರ್ಧಾರಕ್ಕೆ ಬಂದೆ.

‘ಎಣಿಸು, ಅಂದುಕೊ’ ಅನ್ನುವ ಅರ್ಥದ ‘ಸೊಂಜಿಚ್’ ಕೂಡ ಕೋರ್ಟಿನ ಪದವೇ. ‘ಸೊಂತ್’ ಅಂದರೆ ನ್ಯಾಯಾಲಯ, ತೀರ್ಪು. ಇಂಗ್ಲಿಷಿನ ‘ಡೀಮ್’ ಕೂಡ ತೀರ್ಪು ಅನ್ನುವ ಅರ್ಥದ ಹಳೆಯ ‘ಡೂಮ್’ ಪದದ ಮನೆತನದ್ದು. ಆದರೆ ‘ಡೀಮ್’ ಇಂದು ಕಾಗದಪತ್ರಗಳ ಭಾಷೆಗೆ ಸೀಮಿತವಾಗಿದೆ, ‘ಸೊಂಜಿಚ್’ ಮಾತ್ರ ದಿನನಿತ್ಯದ ಮಾತಿನಲ್ಲಿ ಉಳಿದಿದೆ, ಅದರಲ್ಲೂ ನಿಷೇಧದಲ್ಲಿ. ‘ಐ ಡೋಂಟ್ ಥಿಂಕ್ ಸೋ’ಗೆ ಹೇಳಿ ಮಾಡಿಸಿದ ಉತ್ತರ ‘ನ್ಯೆ ಸೊಂದ್ಜೆ’.

ನಿಷೇಧಕ್ಕೆ ಬಂದೆವು, ಇಲ್ಲಿ ನಿಧಾನವಾಗಿ ನಡೆಯಬೇಕು. ಕನ್ನಡ ‘ಅವಳು ಬರಲ್ಲ ಅನ್ಸುತ್ತೆ’ ಅಂತ ‘ಇಲ್ಲ’ವನ್ನು ಒಳಗಿನ ವಾಕ್ಯದಲ್ಲೇ ಇಡುತ್ತದೆ. ಇಂಗ್ಲಿಷ್ ಅದನ್ನು ಹೊರಗೆಳೆದು ‘ಐ ಡೋಂಟ್ ಥಿಂಕ್ ಶೀ ವಿಲ್ ಕಮ್’ ಅನ್ನುತ್ತದೆ. ಪೋಲಿಷಿನಲ್ಲಿ ಎರಡೂ ದಾರಿ ತೆರೆದಿವೆ. ಒಳಗೇ ಇಟ್ಟರೆ ‘ಹಿಬಾ ನ್ಯೆ ಪ್ಶಿಯ್ಜೆ’, ಯಾವ ತೊಡಕೂ ಇಲ್ಲ. ಹೊರಗೆ ತಂದರೆ ‘ನ್ಯೆ ಸೊಂದ್ಜೆ, ಝೆಬಿ ಪ್ಶಿಶ್ವಾ’. ‘ಝೆ’ ಹೋಗಿ ‘ಝೆಬಿ’ ಬಂತು, ಅದರ ಬೆನ್ನಿಗೆ ಭವಿಷ್ಯದ ‘ಪ್ಶಿಯ್ಜೆ’ ಬಿಟ್ಟು ಭೂತಕಾಲದಂತೆ ಕಾಣುವ ‘ಪ್ಶಿಶ್ವಾ’ ಬಂತು. ಆ ರೂಪ ಇಲ್ಲಿ ಭೂತಕಾಲವನ್ನು ಹೇಳಲೇಬೇಕು ಅಂತಿಲ್ಲ. ಅದನ್ನು ಕಂಡೊಡನೆ ‘ಅವಳು ಬಂದಳು ಅನ್ಸಲ್ಲ’ ಅಂತ ಇಂಗ್ಲಿಷಿಗೆ ಇಳಿಸಿದರೆ ನಾಳೆ ಬರಬೇಕಾದವಳನ್ನು ನಿನ್ನೆಗೆ ಕಳಿಸಿದಂತಾಗುತ್ತದೆ. ಕಾಲ ಯಾವುದು ಅನ್ನುವುದನ್ನು ಸುತ್ತಲಿನ ವಾಕ್ಯಗಳಿಂದ, ‘ನಾಳೆ’, ‘ನಿನ್ನೆ’ಯಂಥ ಪದಗಳಿಂದ ತೆಗೆಯಬೇಕು. ಇನ್ನೊಂದು ತಪ್ಪು ಪುರುಷ ಪ್ರತ್ಯಯದ್ದು. ಅದು ‘ಝೆಬಿ’ಗೇ ಅಂಟುತ್ತದೆ: ನೀನು ಅಂದರೆ ‘ಝೆಬಿಶ್’, ನಾವು ಅಂದರೆ ‘ಝೆಬಿಶ್ಮಿ’. ಪ್ರತ್ಯಯವನ್ನು ಕ್ರಿಯಾಪದಕ್ಕೆ ಹಚ್ಚಿದರೆ ವಾಕ್ಯ ಕೆಡುತ್ತದೆ. ‘ಆನಿ ಮಿಶ್ಲೆ’ ಅನ್ನುವ ನುಡಿಗಟ್ಟನ್ನು ಮಾತ್ರ ಈ ಲೆಕ್ಕದಿಂದ ಹೊರಗಿಡಿ. ಅದು ‘ಖಂಡಿತ ಮಾಡಲ್ಲ ಹೋಗು’ ಅನ್ನುವ ಹಟದ ಮಾತು, ಅಲ್ಲಿ ಅನಿಸಿಕೆಯ ಸುಳಿವೇ ಇಲ್ಲ.

‘ಅಂದ್ಕೊಂಡಿದ್ದೆ’ ಕಡೆಗೆ ಬರೋಣ. ಕನ್ನಡಿಗರಿಗೆ ಪೋಲಿಷ್ ತೀರಾ ಹತ್ತಿರವಾಗುವುದು ಇಲ್ಲಿಯೇ. ‘ನೀವು ಡಾಕ್ಟರ್ ಅಂದ್ಕೊಂಡಿದ್ದೆ’ ಅಂತ ಒಬ್ಬ ಗಂಡಸು ಹೇಳಿದರೆ ಪೋಲಿಷಿನಲ್ಲಿ ‘ಮಿಶ್ಲಾವೆಮ್, ಝೆ ಯೆಸ್ತ್ ಪಾನ್ ಲೆಕಾಝೆಮ್’. ಒಳಗಿನ ‘ಯೆಸ್ತ್’ ವರ್ತಮಾನದಲ್ಲೇ ಉಳಿಯಿತು ನೋಡಿ. ‘ಮನೇಲಿದ್ದಾನೆ ಅಂದ್ಕೊಂಡಿದ್ದೆ’ ಅನ್ನುವಾಗ ನಾವೂ ‘ಇದ್ದಾನೆ’ಯನ್ನು ಮುಟ್ಟುವುದಿಲ್ಲ. ಇಂಗ್ಲಿಷ್ ಮಾತ್ರ ಒಳಗಿನ ಕಾಲವನ್ನೂ ಹಿಂದಕ್ಕೆ ತಳ್ಳಿ ‘ಐ ಥಾಟ್ ಯೂ ವರ್ ಎ ಡಾಕ್ಟರ್’ ಮಾಡುತ್ತದೆ. ‘ಐ ಥಾಟ್ ಯೂ ಆರ್’ ಅನ್ನುವ ತಪ್ಪನ್ನು ಪೋಲಿಷರೂ ಕನ್ನಡಿಗರೂ ಒಂದೇ ಕಾರಣಕ್ಕೆ ಮಾಡುತ್ತೇವೆ. ಹಾಗಾಗಿ ಇಂಗ್ಲಿಷ್ ಕರಡು ಮುಗಿದ ಮೇಲೆ ‘ಥಾಟ್’ ಇರುವ ಪ್ರತಿ ಸಾಲನ್ನೂ ಹುಡುಕಿ ತೆಗೆದು, ಒಳಗಿನ ಕ್ರಿಯಾಪದವನ್ನು ಪ್ರತ್ಯೇಕವಾಗಿ ನೋಡುತ್ತೇನೆ. ಎದುರು ದಿಕ್ಕಿನಲ್ಲಿ ಬೇರೊಂದು ತೊಂದರೆ. ‘ಐ ಥಾಟ್’ ಹೇಳಿದ್ದು ಗಂಡಸೋ ಹೆಂಗಸೋ ಇಂಗ್ಲಿಷಿನಲ್ಲಿ ಕಾಣುವುದಿಲ್ಲ, ಕನ್ನಡದ ‘ಅಂದುಕೊಂಡೆ’ಯಲ್ಲೂ ಕಾಣುವುದಿಲ್ಲ. ಪೋಲಿಷಿನಲ್ಲಿ ಗಂಡಸಾದರೆ ‘ಮಿಶ್ಲಾವೆಮ್’, ಹೆಂಗಸಾದರೆ ‘ಮಿಶ್ಲಾವಾಮ್’. ಮಾತಾಡುವವರು ಯಾರೆಂದು ತಿಳಿಯದೆ ಇದನ್ನು ಬರೆಯಲಾಗದು. ಸಮೀಕ್ಷೆಯ ಪ್ರಶ್ನೆಗಳಲ್ಲಿ, ಆ್ಯಪ್‌ನ ಸಂದೇಶಗಳಲ್ಲಿ ಈ ಪೇಚು ಬಂದಾಗ ವರ್ತಮಾನಕ್ಕೆ ತಿರುಗಿಸುತ್ತೇನೆ, ಇಲ್ಲವೇ ‘ವಿದಾವಾವೊ ಮಿ ಶೆ’ ಅಂತ, ಅಂದರೆ ‘ನನಗೆ ಅನಿಸಿತ್ತು’ ಅಂತ ಮಾಡುತ್ತೇನೆ. ಅದರಲ್ಲಿ ಹೇಳುವವರ ಲಿಂಗ ಬರುವುದಿಲ್ಲ.

ಇದೇ ಕ್ರಿಯಾಪದದ ಮುಂದೆ ‘ಪೊ’ ಸೇರಿದರೆ ಪೂರ್ಣರೂಪ. ‘ಪೊಮಿಶ್ಲಾವೆಮ್, ಝೆ ಜಾದ್ಜ್ವೊನ್ಯೆ’ ಅಂದರೆ ‘ಫೋನ್ ಮಾಡೋಣ ಅನ್ನಿಸ್ತು’. ತಲೆಯಲ್ಲಿ ತಟ್ಟನೆ ಹೊಳೆದದ್ದು, ಬಹಳ ದಿನದಿಂದ ಇದ್ದ ನಂಬಿಕೆಯಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಐ ಥಾಟ್’ ಬರುವುದರಿಂದ ಬೇಕಾದ ಕಡೆ ‘ಇಟ್ ಅಕರ್ಡ್ ಟು ಮೀ’ ಬಳಸುತ್ತೇನೆ. ಉಳಿದ ಉಪಸರ್ಗಗಳು ಅರ್ಥವನ್ನೇ ತಿರುಗಿಸುತ್ತವೆ: ‘ವಿಮಿಶ್ಲಿಚ್’ ಅಂದರೆ ಹೊಸದಾಗಿ ಹೂಡುವುದು, ‘ಜ್ಮಿಶ್ಲಾಚ್’ ಕಟ್ಟುಕತೆ ಹೇಳುವುದು, ‘ದೊಮಿಶ್ಲಾಚ್ ಶೆ’ ಸುಳಿವು ಹಿಡಿದು ಊಹಿಸುವುದು. ‘ರೊಜ್ಮಿಶ್ಲಾಚ್’ ಮತ್ತು ‘ರೊಜ್ಮಿಶ್ಲಿಚ್ ಶೆ’ ಒಂದರಂತೆ ಇನ್ನೊಂದು ಕಾಣುತ್ತವೆ. ಮೊದಲನೆಯದು ಆಳವಾಗಿ ಚಿಂತಿಸುವುದು, ಎರಡನೆಯದು ಮನಸ್ಸು ಬದಲಿಸುವುದು.

ನಂಬಿಕೆಯ ಪದ ‘ವ್ಯೆಝಿಚ್’. ಚತುರ್ಥಿ ಬಂದರೆ ಮಾತನ್ನು ನಂಬುವುದು: ‘ವ್ಯೆಝೆ ಚಿ’, ನೀನು ಹೇಳಿದ್ದು ನಿಜ ಅಂತ ಒಪ್ಪುತ್ತೇನೆ. ‘ಫ್’ ಸೇರಿ ‘ವ್ಯೆಝೆ ಫ್ ಚೆಬ್ಯೆ’ ಆದರೆ ನಿನ್ನ ಮೇಲೆ ಭರವಸೆಯಿದೆ. ಇಂಗ್ಲಿಷಿನ ‘ಬಿಲೀವ್’ ಮತ್ತು ‘ಬಿಲೀವ್ ಇನ್’ ಇದಕ್ಕೆ ಸರಿಯಾಗಿ ಕೂರುತ್ತವೆ. ಕೂರದಿರುವುದು ‘ಐ ಬಿಲೀವ್ ವೀ ಹ್ಯಾವ್ ಮೆಟ್’ ಥರದ ಸೌಜನ್ಯದ ‘ಬಿಲೀವ್’. ಅದಕ್ಕೆ ‘ವ್ಯೆಝೆ’ ಹಾಕಿದರೆ ದೇವರ ಮೇಲೆ ಭಾರ ಹಾಕಿದಷ್ಟು ತೂಕ ಬರುತ್ತದೆ, ‘ಹಿಬಾ’ ಸಾಕು. ಪೊಲೀಸರು ‘ಬಿಲೀವ್’ ಮಾಡುವ ಸುದ್ದಿ ಸಾಲಿಗೆ ‘ಪ್ಶಿಪೂಶ್ಚಾಚ್’, ಅಂದರೆ ಊಹಿಸು, ಅನ್ನುವುದೇ ಯೋಗ್ಯ. ನಮ್ಮ ಪತ್ರಿಕೆಗಳ ‘ಎಂದು ನಂಬಲಾಗಿದೆ’ ಕೂಡ ಇಂಗ್ಲಿಷಿನಿಂದ ಹಾಗೇ ಇಳಿಸಿದ ಮಾತು. ‘ಎನ್ನಲಾಗಿದೆ’ ಅಥವಾ ಬರಿಯ ‘ಅಂತೆ’ ಅದಕ್ಕಿಂತ ಚೆನ್ನ. ಆ ‘ಅಂತೆ’ಗೆ ಪೋಲಿಷಿನಲ್ಲಿ ಸರಿಜೋಡಿ ಇದೆ: ‘ಪೊದೊಬ್ನೊ’. ‘ಊರು ಬಿಟ್ಟನಂತೆ’ ಅನ್ನುವುದರಲ್ಲಿ ‘ಅಂತೆ’ ಮಾಡುವ ಕೆಲಸವನ್ನು ‘ಪೊದೊಬ್ನೊ’ ಒಂದೇ ಪದ ಮಾಡುತ್ತದೆ. ಅದನ್ನು ಇಂಗ್ಲಿಷಿಗೆ ತರುವಾಗ ‘ಐ ಥಿಂಕ್’ ಮಾಡಬೇಡಿ. ಅದು ಇನ್ನೊಬ್ಬರ ಬಾಯಿಂದ ಕೇಳಿದ್ದು, ‘ಅಪೆರೆಂಟ್ಲಿ’ ಅಥವಾ ‘ಐ ಹಿಯರ್’ ಆಗಬೇಕು.

ಕನ್ನಡದ ಜರಡಿ ಹರಿಯುವುದು ‘ಅನುಮಾನ’ದಲ್ಲಿ. ‘ಅವನೇ ಕದ್ದಿದ್ದಾನೆ ಅಂತ ಅನುಮಾನ’ ಅಂದರೆ ಕದ್ದಿರಬಹುದು ಅಂತ. ‘ಅವನು ಬರೋದು ಅನುಮಾನ’ ಅಂದರೆ ಬರಲಾರ ಅಂತ. ಪೋಲಿಷ್ ಮೊದಲನೆಯದಕ್ಕೆ ‘ಪೊದೆಯ್ಝೆವಾಮ್’, ಎರಡನೆಯದಕ್ಕೆ ‘ವೊಂತ್ಪ್ಯೆ’ ಅಂತ ಸ್ಪಷ್ಟವಾಗಿ ಬೇರೆ ಮಾಡುತ್ತದೆ. ಇಂಗ್ಲಿಷಿನಲ್ಲೂ ‘ಸಸ್ಪೆಕ್ಟ್’, ‘ಡೌಟ್’ ಬೇರೆಬೇರೆ. ಕಳ್ಳತನದ ಸಾಲಿಗೆ ನಾವು ‘ಐ ಡೌಟ್’ ಅಂದರೆ ಅವನು ಕದ್ದಿಲ್ಲ ಅಂದಂತೆ. ‘ಅನುಮಾನ’ ಬಂದ ಕಡೆ ಕನ್ನಡವನ್ನು ಬದಿಗಿಟ್ಟು ಮೂಲಕ್ಕೇ ಮರಳುತ್ತೇನೆ.

ಸಂದೇಹ ಉಳಿದ ಸಾಲುಗಳನ್ನು ಪೋಲಿಷಿನ ರಾಷ್ಟ್ರೀಯ ಪಠ್ಯಕೋಶದಲ್ಲಿ, ಅಂದರೆ ಜನ ನಿಜವಾಗಿ ಬರೆದ, ಆಡಿದ ಸಾಲುಗಳ ಭಂಡಾರದಲ್ಲಿ, ಪರೀಕ್ಷಿಸುತ್ತೇನೆ. 150 ಕೋಟಿಗೂ ಹೆಚ್ಚು ಪದಗಳ ಆ ಕೋಶದಲ್ಲಿ ಮೂಲರೂಪ ಕೊಟ್ಟರೆ ಎಲ್ಲ ರೂಪಗಳೂ ಸಿಗುತ್ತವೆ. ಇಂಗ್ಲಿಷಿಗೆ 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಇದೆ, ಅದರ ಶೇ. 10ರಷ್ಟು ಆಡುಮಾತು. ಎಣಿಕೆಗಿಂತ ಸಾಲುಗಳನ್ನು ಓದುವುದು ಮುಖ್ಯ, ಒಂದು ರೂಪಕ್ಕೆ 50 ಸಾಲು ಓದಿದರೆ ಅದರ ನಡೆ ಗೊತ್ತಾಗುತ್ತದೆ. ಹುಡುಕುವಾಗ ಉತ್ತಮ ಪುರುಷ ಏಕವಚನವನ್ನು ಮಾತ್ರ ಕೇಳಿ, ಇಲ್ಲದಿದ್ದರೆ ‘ಉವಾಝಾಚ್’ ಜೊತೆ ‘ಹುಷಾರು’ಗಳೂ ನುಗ್ಗುತ್ತವೆ. ಸಿನಿಮಾ ಸಬ್‌ಟೈಟಲ್‌ಗಳ ಜೋಡಿಪಠ್ಯವನ್ನು, ಅಂದರೆ ಎರಡೂ ಭಾಷೆಯ ಸಾಲುಗಳನ್ನು ಎದುರುಬದುರು ಇಟ್ಟ ಪಠ್ಯವನ್ನು, ಪ್ರಮಾಣವಾಗಿ ಹಿಡಿಯಬೇಡಿ. ಅಲ್ಲಿನ ಪೋಲಿಷಿನ ಬಹುಭಾಗ ಇಂಗ್ಲಿಷಿನಿಂದ ಬಂದದ್ದು, ‘ಐ ಥಿಂಕ್’ ಇದ್ದ ಕಡೆ ಅನುವಾದಕರು ‘ಮಿಶ್ಲೆ, ಝೆ’ ಹಾಕಿಬಿಟ್ಟಿರುತ್ತಾರೆ. ಯುರೋಪಿನ ಸಂಸತ್ತಿನ ಭಾಷಣಗಳ ಜೋಡಿಪಠ್ಯದಲ್ಲಿ ಮೂಲ ಜರ್ಮನ್ನೋ ಫ್ರೆಂಚೋ ಆಗಿದ್ದು, ಪೋಲಿಷೂ ಇಂಗ್ಲಿಷೂ ಎರಡೂ ಅನುವಾದವೇ ಆಗಿರಬಹುದು. ಮೂಲ ಭಾಷೆಯ ಗುರುತು ಇರುವ ಸಾಲುಗಳನ್ನಷ್ಟೇ ಉಳಿಸಿಕೊಂಡು ಮಿಕ್ಕವನ್ನು ಬಿಡುತ್ತೇನೆ.