ಸ್ಪಿರುಲಿನಾದ ನೀಲಿ: ಒಣಗಿಸದೆ ತೆಗೆದ ನನ್ನ ಅನುಭವ

ಫ್ರೀಜ್ ಡ್ರೈಯರ್ (ಹೆಪ್ಪುಗಟ್ಟಿಸಿ ಒಣಗಿಸುವ ಯಂತ್ರ) ಇಲ್ಲದೆ ನೀಲಿ-ಹಸಿರು ಪಾಚಿ ಸ್ಪಿರುಲಿನಾದಿಂದ ಅದರ ನೀಲಿ ಬಣ್ಣ ಫೈಕೋಸಯಾನಿನ್ ತೆಗೆಯುವುದು ಆಗದ ಮಾತು ಎಂದು ನನಗೆ ಹೇಳದವರೇ ಇಲ್ಲ. ಈಗ ಆಗಿದೆ. ಈ ಬೇಸಿಗೆಯ ಬ್ಯಾಚ್‌ಗಳಲ್ಲಿ 620/280 ಅನುಪಾತ, ಅಂದರೆ ಒಟ್ಟು ಪ್ರೋಟೀನ್‌ಗೆ ಹೋಲಿಸಿ ನೀಲಿ ಎಷ್ಟು ಶುದ್ಧ ಎಂಬ ಅಳತೆ, 0.9ರ ಆಸುಪಾಸು ಬಂತು. ಆಹಾರಕ್ಕೆ 0.7 ಸಾಕು, ಅಲ್ವಾ?

ದುಡ್ಡು ಹೋದದ್ದೆಲ್ಲ ಒಣಗಿಸುವುದರಲ್ಲೇ. ಸೋಲಾರ್ ಡ್ರೈಯರ್‌ಗೆ ಸುಮಾರು 40 ಸಾವಿರ ಸುರಿದೆ. ಮಧ್ಯಾಹ್ನ ಒಳಗಿನ ಬಿಸಿ 60 ಡಿಗ್ರಿ ದಾಟುತ್ತಿತ್ತು. ಪುಡಿ ನೋಡಲು ಚೆನ್ನಾಗಿಯೇ ಇತ್ತು, ನೀರಿಗೆ ಹಾಕಿದರೆ ನೀಲಿ ಅರ್ಧವೂ ಇಳಿಯುತ್ತಿರಲಿಲ್ಲ. ಎಷ್ಟಾದರೂ ಅದು ಪ್ರೋಟೀನ್, 45 ದಾಟಿದರೆ ಕೆಡಲು ಶುರು.

ಈಗ ಬೆಳಿಗ್ಗೆ ಸೋಸಿ, ತೊಳೆದು, ಹಿಂಡಿದ ಹಸಿ ಮುದ್ದೆ ನೇರ ಡೀಪ್ ಫ್ರೀಜರ್‌ಗೆ. ಗಟ್ಟಿಯಾಗಬೇಕು, ಕರಗಬೇಕು, ಮತ್ತೆ ಗಟ್ಟಿಯಾಗಬೇಕು. ಜೀವಕೋಶ ತಾನೇ ಒಡೆಯುತ್ತದೆ. ಆಮೇಲೆ ಫಾಸ್ಫೇಟ್ ಬಫರ್‌ನಲ್ಲಿ (ಹುಳಿ-ಕ್ಷಾರ ಏರುಪೇರಾಗದಂತೆ ತಡೆಯುವ ಲವಣದ ನೀರು) ರಾತ್ರಿಯಿಡೀ ತಣ್ಣಗೆ ಬಿಡುತ್ತೇನೆ. ಸೋಸಿದ ನೀರನ್ನು ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದರೆ ಕಡು ನೀಲಿ. ಪಕ್ಕದಿಂದ ಬಿಸಿಲು ಬಿದ್ದರೆ ಅದೇ ನೀರಿನ ಅಂಚು ಕೆಂಪಗೆ ಹೊಳೆಯುತ್ತದೆ. ಆ ಕೆಂಪು ಕಂಡರೆ ಬಣ್ಣ ಕೆಟ್ಟಿಲ್ಲ ಎಂದೇ ಲೆಕ್ಕ. ಎರಡನೇ ಸಲ ಕರಗಿಸುವಾಗ ಒಂದು ಚಿಟಿಕೆ ಏನೋ ಹಾಕುತ್ತೇನೆ. ಅದನ್ನು ಮಾತ್ರ ಹೇಳಲಾರೆ, ಕಂಡುಕೊಳ್ಳಲು ವರ್ಷಗಳೇ ಹಿಡಿದಿವೆ.

ಸ್ಪಿರುಲಿನಾ ಬೆಳೆಯುವ ತೊಟ್ಟಿಯ ಮೇಲೆ ಶೇಡ್ ನೆಟ್ ಹಾಕಿದ್ದಕ್ಕೂ ಜನ ನಕ್ಕರು. ಇಳುವರಿ ಸುಮಾರು ಕಾಲು ಭಾಗ ಇಳಿಯಿತು, ನಿಜ. ಆದರೆ ಬೆಳಕು ಕಡಿಮೆಯಾದರೆ ನೀಲಿ ಜಾಸ್ತಿ ಕಟ್ಟುತ್ತದೆ. ನೈಟ್ರೇಟ್ ಮಾತ್ರ ಇಳಿಯಲು ಬಿಡಬೇಡಿ, ಹಸಿದ ಸ್ಪಿರುಲಿನಾ ತನ್ನ ನೀಲಿಯನ್ನೇ ತಿಂದು ಬದುಕುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು, ಪಾಚಿಗೆ ಹಾಕುವ ಅಡುಗೆ ಸೋಡಾ ಬಿದ್ದ ಕೂಡಲೇ ಬಿಳಿ ಸುಣ್ಣ ತಳ ಕಟ್ಟುತ್ತಿತ್ತು. ಈಗ ಮಳೆ ನೀರೇ. ಸ್ಪಿರುಲಿನಾ ಬೆಳೆಸಲು ಎಲ್ಲರೂ ಅನುಸರಿಸುವ ಪೋಷಕ ದ್ರಾವಣದ ಸೂತ್ರ, ಝರೂಕ್ ಲೆಕ್ಕದಲ್ಲಿ ಸೋಡಾ ಲೀಟರಿಗೆ 16.8 ಗ್ರಾಂ, ನಾನು ಸುಮಾರು 8–10ರಲ್ಲೇ ನಿಲ್ಲಿಸಿದ್ದೇನೆ. ಬೆಳೆ ಸೋಸಿ ಉಳಿದ ನೀರು ವಾಪಸ್ ತೊಟ್ಟಿಗೆ.

ನಡುವೆ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನಗದ್ದೆಯಿಂದ ಒಂದು ಕ್ಯಾನ್ ನೀರು ತಂದು ಡುನಾಲಿಯೆಲ್ಲಾ ಎಂಬ ಉಪ್ಪುನೀರಿನ ಪಾಚಿ ಬೆಳೆಸಲು ನೋಡಿದೆ. ಬಿಸಿಲಿಗೆ ಕಿತ್ತಳೆ ಬಣ್ಣಕ್ಕೆ ತಿರುಗಿತು, ಸೋಸಲು ಮಾತ್ರ ಸಿಗಲಿಲ್ಲ. ಅಷ್ಟು ಸಣ್ಣದು. ಮತ್ತೆ ಸ್ಪಿರುಲಿನಾದ ನೀಲಿಗೆ ಬಂದರೆ, ಅದನ್ನು ನಿಂಬೆ ಶರಬತ್ತಿಗೆ ಹಾಕಿದರೆ ಹುಳಿಗೆ ಗಸಿಯಾಗಿ ಕೂರುತ್ತದೆ. ಕುಲ್ಫಿಗೆ ಸೊಗಸಾಗಿ ಹೊಂದುತ್ತದೆ.

ಪುಡಿಗೆ ಕೆಜಿಗೆ 600–700 ರೂಪಾಯಿ ಸಿಕ್ಕರೆ ಹೆಚ್ಚು. ಅಷ್ಟೇ ಬೆಳೆಯ ನೀಲಿ ಈಗ 2,500ರವರೆಗೆ ತರುತ್ತಿದೆ, ಕರೆಂಟ್ ಬಿಲ್ ಕಳೆದ ಮೇಲೆ. ಉಳಿದ ಗಸಿಯನ್ನು ಮೀನು ಸಾಕುವವರು ಒಯ್ಯುತ್ತಾರೆ. ಇನ್ನೊಂದು ಫ್ರೀಜರ್‌ಗೆ ಅಡ್ವಾನ್ಸ್ ಕೊಟ್ಟಿದ್ದೇನೆ.